ಮುಮ್ಮಡಿಯವರ ಚಿತ್ರದ ಒಡವೆ ನಿಜವಾದ ಚಿನ್ನವೇ?

ಮೈಸೂರು ಶೈಲಿಯ ಚಿತ್ರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಒಡವೆಗಳು ಉಬ್ಬಿಕೊಂಡಿವೆ, ಅಂಟಿಸಿರೋದು ಚಿನ್ನವೇ ಅಂತ ಕೇಳಿದ್ದೀರಿ. ಹೌದು, ಆದರೆ ಚಿನ್ನ ಇರುವುದು ಮೇಲೆ ಮಾತ್ರ. ಬಿಳಿ ಸೀಸದ ಪುಡಿ ಅಂದ್ರೆ ಸಫೇದ, ಮಕ್ಕಿ ಅಂದ್ರೆ ಮರದಿಂದ ಸಿಗುವ ಹಳದಿ ಅಂಟು, ಇವನ್ನು ಅರೆದು ಕಲಸಿ, ಕುಂಚದಲ್ಲಿ ಗೆರೆಗೆರೆಯಾಗಿ ಎಳೆದು ಉಬ್ಬು ತರುತ್ತಿದ್ದರು. ಅದರ ಮೇಲೆ ಊದಿದರೆ ಹಾರುವಷ್ಟು ತೆಳ್ಳಗಿನ ಚಿನ್ನದ ಹಾಳೆ. ತಂಜಾವೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಜಾಸ್ತಿ, ಕಲ್ಲುಗಳನ್ನೂ ಕೂರಿಸುತ್ತಾರೆ. ನಮ್ಮದರಲ್ಲಿ ಸರದ ಒಂದೊಂದು ಮಣಿಯೂ ಸಾಸಿವೆಗಿಂತ ಸಣ್ಣದು. ಚಿತ್ರವನ್ನು ಪಕ್ಕದಿಂದ ನೋಡಿ, ಬೆಳಕು ಓರೆಯಾಗಿ ಬಿದ್ದಾಗ ಆ ಮಣಿಗಳು ಎದ್ದು ಕಾಣುತ್ತವೆ. ನನಗೆ ಅದೇ ತುಂಬಾ ಇಷ್ಟ.

ಇನ್ನು ಇಷ್ಟೊಂದು ಒಡವೆ ಯಾಕೆ ಅಂದ್ರಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಮುಮ್ಮಡಿಯವರ ಕೈಯಿಂದ ಕಿತ್ತುಕೊಂಡರು, ಆಮೇಲೂ 1868ರವರೆಗೆ ಅವರು ಬದುಕಿದ್ದರು, ಕಲಾವಿದರನ್ನು ಸಾಕಿದರು, ತಮ್ಮ ಚಿತ್ರ ಬರೆಸುತ್ತಲೇ ಇದ್ದರು. ಖಜಾನೆ ಬೇರೆಯವರ ಕೈಲಿದ್ದರೂ ಚಿತ್ರದೊಳಗೆ ದೊರೆ ಅವರೇ ಅಲ್ವಾ? ಆ ಚಿನ್ನವನ್ನು ನಾನು ಸುಮ್ನೆ ಅಲಂಕಾರ ಅಂತ ನೋಡಲಾರೆ.

ಮನೆಯಲ್ಲಿ ಹಳೇ ಚಿತ್ರವಿದ್ದರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಚಿನ್ನ ಎದ್ದು ಬರುತ್ತದೆ.