ರೇಡಿಯೇಟರ್ ಬಂತು, ಪೈಪ್ ಮಾತ್ರ ಕೂಡುತ್ತಿಲ್ಲ

ಪ್ರಶ್ನೆ: ಇಂಗ್ಲೆಂಡ್‌ನ ರೆಡಿಂಗ್‌ನಲ್ಲಿ ಹಳೇ ಮನೆ ಕೊಂಡಿದ್ದೇವೆ. ಮಹಡಿ ಮೇಲಿನ ಕೋಣೆಯನ್ನು ಬಿಸಿನೀರಿನಿಂದ ಬೆಚ್ಚಗಿಡುವ ರೇಡಿಯೇಟರ್ ತಳದಲ್ಲಿ ತುಕ್ಕು ಹಿಡಿದು ಜಿನುಗುತ್ತಿದೆ. ನಾಲ್ಕು ಅಡಿ ಅಗಲ ಇದೆ ಅಂತ ಅಳೆದು, 1200 ಮಿಲಿಮೀಟರಿನ ಹೊಸದೊಂದನ್ನು ತರಿಸಿದೆ. ಈಗ ನೋಡಿದರೆ ಎರಡು ಪೈಪುಗಳ ನಡುವಿನ ಜಾಗಕ್ಕೆ ಸುಮಾರು ಎರಡು ಸೆಂಟಿಮೀಟರ್ ಸಾಲುತ್ತಿಲ್ಲ. ಪೈಪನ್ನು ಸ್ವಲ್ಪ ಎಳೆದು ಕೂಡಿಸಬಹುದೇ? ಬಿಸಿನೀರು ಬರುವ ಪೈಪ್ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಊರಲ್ಲಿ ಗೀಸರ್ ಬಿಟ್ಟು ಬೇರೇನೂ ನೋಡಿದವರಲ್ಲ ನಾವು.

ಉತ್ತರ: ದಯವಿಟ್ಟು ಎಳೆಯಬೇಡಿ. ಮೇಲೆ ಕಾಣುವ ಆ ತಾಮ್ರದ ಪೈಪು ನೆಲದ ಹಲಗೆಯ ಕೆಳಗೆ ಎಲ್ಲೋ ಒಂದು ಕಡೆ ಇನ್ನೊಂದು ಪೈಪಿಗೆ ಬೆಸೆದುಕೊಂಡಿರುತ್ತದೆ, ನೀವು ಇಲ್ಲಿ ಎಳೆದರೆ ಭಾರ ಬೀಳುವುದು ಕಣ್ಣಿಗೆ ಕಾಣದ ಆ ಬೆಸುಗೆಯ ಮೇಲೆ. ಅದು ಬಿಟ್ಟುಕೊಂಡರೆ ನಿಮಗೆ ಗೊತ್ತಾಗುವುದು ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ಕಲೆ ಬಂದ ಮೇಲೆ.

ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ಹಳೇ ರೇಡಿಯೇಟರ್‌ಗಳು ಅಡಿ ಲೆಕ್ಕದವು. ನಾಲ್ಕು ಅಡಿ ಅಂದರೆ 1219 ಮಿಲಿಮೀಟರ್, ಹೊಸದು 1200. ಆ 19 ಮಿಲಿಮೀಟರೇ ನಿಮ್ಮನ್ನು ಕಾಡುತ್ತಿರುವುದು. ಇದಕ್ಕೆ ಅಂತಲೇ ರೇಡಿಯೇಟರ್ ಎಕ್ಸ್‌ಟೆನ್ಷನ್ ಅಂತ ಅರ್ಧ ಇಂಚಿನ ಮರೆಯ (ಸ್ಕ್ರೂ ಥ್ರೆಡ್‌ನ) ಗಿಡ್ಡ ತುಂಡು ಸಿಗುತ್ತದೆ. ರೇಡಿಯೇಟರಿನ ತಳದ ತೂತಿಗೆ ಅದನ್ನು ಹಾಕಿ, ಅದರ ತುದಿಗೆ ವಾಲ್ವಿನ ಬಾಲ (ರೇಡಿಯೇಟರ್ ಕಡೆಯ ಗಿಡ್ಡ ಕೊಳವೆ) ಕೂರಿಸಿದರೆ ಮುಗಿಯಿತು, ಪೈಪ್ ಮುಟ್ಟುವ ಕೆಲಸವೇ ಇಲ್ಲ.

ಬಿಸಿ ಪೈಪ್ ಕಂಡುಹಿಡಿಯಲು ಕೈಯೇ ಸಾಕು. ಹಳೆಯದನ್ನು ಬಿಚ್ಚುವ ಮೊದಲು, ಎಲ್ಲ ತಣ್ಣಗಿರುವಾಗ ಹೀಟಿಂಗ್ ಹಾಕಿ ಎರಡೂ ಪೈಪ್ ಮುಟ್ಟುತ್ತಾ ಕೂತಿರಿ. ಮೊದಲು ಬಿಸಿಯಾಗುವುದು ನೀರು ಬರುವ ಪೈಪ್. ಕೋಣೆಯ ಬಿಸಿ ನೋಡಿಕೊಂಡು ತಾನೇ ತೆರೆದು ಮುಚ್ಚುವ, ನಂಬರ್ ಇರುವ ವಾಲ್ವಿನ ಮೈಮೇಲೆ ಬಾಣದ ಗುರುತು ನೋಡಿ: ಎರಡೂ ಕಡೆ ಬಾಣ ಇದ್ದರೆ ಯಾವ ಬದಿಗಾದರೂ ಹಾಕಬಹುದು, ಒಂದೇ ಇದ್ದರೆ ನೀರು ಹರಿಯುವ ದಿಕ್ಕಿಗೇ ಇರಬೇಕು. ತಿರುಗುಮುರುಗಾದರೆ ಪೈಪೆಲ್ಲ ಟಕಟಕ ಬಡಿದುಕೊಳ್ಳುತ್ತದೆ.

ಇರುವ ವಾಲ್ವ್‌ಗಳು ಚೆನ್ನಾಗಿದ್ದರೆ ಅವನ್ನೇ ಉಳಿಸಿಕೊಳ್ಳಿ, ಇಡೀ ಮನೆಯ ನೀರು ಖಾಲಿ ಮಾಡಬೇಕಿಲ್ಲ. ಹೀಟಿಂಗ್ ಆರಿಸಿ ತಣ್ಣಗಾಗಲು ಬಿಡಿ, ಆಮೇಲೆ ಎರಡೂ ವಾಲ್ವ್ ಮುಚ್ಚಿ. ಪ್ಲಾಸ್ಟಿಕ್ ಟೋಪಿಯ ಕೆಳಗಿರುವ ಇನ್ನೊಂದು ಬದಿಯ ವಾಲ್ವ್ ಮುಚ್ಚುವಾಗ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ ಬರೆದಿಡಿ. ಕೊನೆಗೆ ಅಷ್ಟೇ ಸುತ್ತು ತೆರೆಯಬೇಕು, ಇಲ್ಲದಿದ್ದರೆ ಈ ಕೋಣೆಗೆ ನೀರು ಜಾಸ್ತಿ ಹರಿದು ಬೇರೆ ಕೋಣೆ ತಣ್ಣಗಾಗುತ್ತದೆ.

ನಂಬರ್ ವಾಲ್ವಿನ ವಿಷಯದಲ್ಲಿ ನನಗಾದ ಅನುಭವ ಹೇಳಿಬಿಡುತ್ತೇನೆ. ಗೋಡೆಗೆ ಬಣ್ಣ ಹೊಡೆಯಲು ರೇಡಿಯೇಟರ್ ತೆಗೆದಿದ್ದೆ. ವಾಲ್ವನ್ನು ಹಿಮದ ಗುರುತಿಗೆ ತಿರುಗಿಸಿ, ಮುಚ್ಚಿದೆ ಅಂದುಕೊಂಡು, ಬಣ್ಣ ಒಣಗಲಿ ಅಂತ ಕಿಟಕಿ ತೆರೆದು ಮಲಗಿದೆ. ಆ ಗುರುತು ಪೂರ್ತಿ ಮುಚ್ಚುವುದಿಲ್ಲ. ಪೈಪ್ ಹೆಪ್ಪುಗಟ್ಟದಿರಲಿ ಅಂತ, ಕೋಣೆ ತೀರಾ ತಣ್ಣಗಾದರೆ ವಾಲ್ವ್ ತಾನಾಗಿ ತೆರೆಯುತ್ತದೆ. ಬೆಳಗ್ಗೆ ಎದ್ದಾಗ ಕಾರ್ಪೆಟ್ ಮೇಲೆ ಮಸಿಯಂಥ ಕಪ್ಪು ನೀರು. ಆ ಕಲೆ ಕೊನೆಗೂ ಹೋಗಲಿಲ್ಲ. ಹಾಗಾಗಿ ನಂಬರಿನ ತಲೆ ಬಿಚ್ಚಿ, ವಾಲ್ವಿನ ಜೊತೆ ಬರುವ ತಿರುಗಿಸುವ ಮುಚ್ಚಳವನ್ನೇ ಹಾಕಿ ಬಿಗಿ ಮಾಡಿ.

ನಟ್ ಬಿಚ್ಚುವಾಗ ಒಂದು ಸ್ಪ್ಯಾನರ್ ನಟ್‌ಗೆ, ಇನ್ನೊಂದು ವಾಲ್ವಿನ ಮೈಗೆ. ಒಂದೇ ಕೈಯಲ್ಲಿ ತಿರುಗಿಸಿದರೆ ಪೈಪೂ ತಿರುಚಿಕೊಳ್ಳುತ್ತದೆ. ಕೆಳಗೆ ಅಗಲವಾದ ತಟ್ಟೆ, ಹಳೇ ಟವೆಲ್ ಇರಲಿ. ಟೆಫ್ಲಾನ್ ಟೇಪ್ ಬೇಕಾಗಿರುವುದು ರೇಡಿಯೇಟರಿನ ಒಳಗೆ ಹೋಗುವ ಮರೆಗಳಿಗೆ ಮಾತ್ರ. ಬಿಗಿ ಮಾಡುವ ದಿಕ್ಕಿಗೇ ಹತ್ತು ಹನ್ನೆರಡು ಸುತ್ತು ಸುತ್ತಿ. ವಾಲ್ವಿನ ದೊಡ್ಡ ನಟ್‌ಗೆ ಬೇಡ, ಅಲ್ಲಿ ಲೋಹಕ್ಕೆ ಲೋಹ ಕೂತೇ ನೀರು ತಡೆಯುವುದು.

ಕೂರಿಸಿದ ಮೇಲೆ ವಾಲ್ವ್ ನಿಧಾನ ತೆರೆದು, ರೇಡಿಯೇಟರಿನ ಮೇಲ್ತುದಿಯ ಗಾಳಿ ಬಿಡುವ ತಿರುಪನ್ನು ಅದರ ಕೀಲಿಯಿಂದ ಕಾಲು ಸುತ್ತು ಬಿಡಿ. ಬುಸ್ಸೆಂದು ಗಾಳಿ ಹೋಗಿ ನೀರು ಚಿಮ್ಮಿದ ತಕ್ಷಣ ಮುಚ್ಚಿ. ನಿಮ್ಮದು ಟ್ಯಾಂಕ್ ಇಲ್ಲದ ಕಾಂಬಿ ಬಾಯ್ಲರ್ ಆದರೆ ಒತ್ತಡದ ಮುಳ್ಳು ಇಳಿದಿರುತ್ತದೆ, ತಣ್ಣಗಿರುವಾಗ 1ರಿಂದ 1.5 ಬಾರ್ ಬರುವಷ್ಟು ನೀರು ತುಂಬಿಸಿ. ಇಷ್ಟು ನೀವೇ ಮಾಡಬಹುದು. ಆದರೆ ಗ್ಯಾಸ್ ಬಾಯ್ಲರಿನ ಒಳಗೆ ಕೈ ಹಾಕಬೇಡಿ, ಅದಕ್ಕೆ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ಹೆಸರಿರುವವರೇ ಬರಬೇಕು.

ಪ್ರಶ್ನೆ: ನಮ್ಮ ರೇಡಿಯೇಟರ್ ಕೆಳಗೆ ಸುಡುತ್ತದೆ, ಮೇಲೆ ತಣ್ಣಗಿದೆ. ಕೆಟ್ಟಿದೆಯೇ? (ಲೀಡ್ಸ್)

ಉತ್ತರ: ಕೆಟ್ಟಿಲ್ಲ, ಗಾಳಿ ತುಂಬಿದೆ. ನಮ್ಮೂರಲ್ಲಿ ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ನಲ್ಲಿಯಲ್ಲಿ ಏರ್ ಹಿಡಿಯುತ್ತದಲ್ವಾ, ಹಾಗೇ. ಹೀಟಿಂಗ್ ಆರಿಸಿ ಕೀಲಿಯಿಂದ ಗಾಳಿ ಬಿಡಿ. ಮೇಲೆ ಬಿಸಿಯಾಗಿ ತಳದ ನಡುಭಾಗ ಮಾತ್ರ ತಣ್ಣಗಿದ್ದರೆ ಬೇರೆ ಕಥೆ: ಅಲ್ಲಿ ತುಕ್ಕಿನ ಕೆಸರು ಕೂತಿದೆ, ರೇಡಿಯೇಟರ್ ಬಿಚ್ಚಿ ಹೊರಗೆ ಒಯ್ದು ತೊಳೆಯಬೇಕು. ಮತ್ತೆ ತುಂಬಿಸುವಾಗ ತುಕ್ಕು ತಡೆಯುವ ಇನ್ಹಿಬಿಟರ್ ದ್ರವ ಹಾಕಲು ಮರೆಯಬೇಡಿ.