ಪಿಯುಸಿ ಸೈನ್ಸ್ ಆಗಿದೆ, ಇಮೇಜಿಂಗ್ ಟೆಕ್ನಾಲಜಿ (ಎಕ್ಸ್‌ರೇ, ಸಿಟಿ ಸ್ಕ್ಯಾನ್, ಎಂಆರ್‌ಐ ತೆಗೆಯುವ ಕೋರ್ಸ್) ಸೇರಲೇ? ಬರೀ ಬಟನ್ ಒತ್ತುವ ಕೆಲಸವೇ? ರೇಡಿಯೇಷನ್ ಅಪಾಯ ಎಷ್ಟು?

ಬಟನ್ ಒತ್ತಲು ಒಂದು ಸೆಕೆಂಡೂ ಬೇಡ. ಅದಕ್ಕೆ ಮುಂಚಿನ ಮೂರ್ನಾಲ್ಕು ನಿಮಿಷದಲ್ಲಿದೆ ಕಸುಬು.

ಎದೆಯ ಎಕ್ಸ್‌ರೇಯನ್ನೇ ತಗೊಳ್ಳಿ. ರೋಗಿ ಸ್ಟ್ಯಾಂಡಿಗೆ ಎದೆ ಒತ್ತಿ ನಿಲ್ಲಬೇಕು, ಕಿರಣ ಬಿಡುವ ಟ್ಯೂಬ್ ಬೆನ್ನ ಹಿಂದೆ, ಸ್ಟ್ಯಾಂಡಿನಿಂದ 180 ಸೆಂ.ಮೀ. ದೂರದಲ್ಲಿ. ಗದ್ದ ಮೇಲೆ, ಕೈ ಸೊಂಟಕ್ಕೆ, ಭುಜ ಮುಂದಕ್ಕೆ. ಭುಜ ಹಿಂದೆ ಉಳಿದರೆ ಹೆಗಲ ಮೂಳೆಯ ನೆರಳು ಶ್ವಾಸಕೋಶದ ಮೇಲೆ ಬೀಳುತ್ತದೆ. ಸರ, ತಾಯತ ತೆಗೆಸಿ, ಜಡೆಯನ್ನು ಎತ್ತಿ ಕಟ್ಟಿಸಿ. ದಪ್ಪ ಜಡೆ ಶ್ವಾಸಕೋಶದ ತುದಿಯಲ್ಲಿ ಕಲೆಯಂತೆ ಕಂಡು ಟಿಬಿ ಅನುಮಾನ ಹುಟ್ಟಿಸಬಲ್ಲದು! ಆಮೇಲೆ, "ಉಸಿರು ಎಳ್ಕೊಳ್ಳಿ, ಬಿಡಬೇಡಿ." ಪೂರ್ತಿ ಎಳೆದಿದ್ದರೆ ಚಿತ್ರದಲ್ಲಿ ಹಿಂಬದಿಯ 9–10 ಪಕ್ಕೆಲುಬು ಎಣಿಸಬಹುದು. ಏಳಕ್ಕೇ ನಿಂತರೆ ಹೃದಯ ದೊಡ್ಡದಾಗಿ, ಶ್ವಾಸಕೋಶದ ಬುಡ ಮಸುಕಾಗಿ, ಇಲ್ಲದ ಕಾಯಿಲೆ ಕಾಣುತ್ತದೆ. ಐಸಿಯುನಲ್ಲಿ ಮಲಗಿದವರಿಗೆ ಪೋರ್ಟಬಲ್‌ನಲ್ಲಿ ಮುಂದಿನಿಂದ, ಸುಮಾರು 100 ಸೆಂ.ಮೀ.ನಿಂದ ತೆಗೆದಾಗಲೂ ಹೃದಯ ಹಿಗ್ಗಿ ಕಾಣುತ್ತದೆ. ಹಾಗಾಗಿ ಚಿತ್ರದ ಮೇಲೆ 'ಎಪಿ ಸುಪೈನ್' (ಮುಂದಿನಿಂದ, ಮಲಗಿಸಿ ತೆಗೆದದ್ದು) ಎಂದು ನಮೂದಿಸಲೇಬೇಕು. ಎಡ-ಬಲದ ಮಾರ್ಕರ್ ಎಕ್ಸ್‌ಪೋಷರ್‌ಗೆ, ಅಂದರೆ ಕಿರಣ ಬಿಡುವುದಕ್ಕೆ, ಮುಂಚೆಯೇ ಇಡಿ. ಆಮೇಲೆ ಕಂಪ್ಯೂಟರ್‌ನಲ್ಲಿ ಹಾಕಿದರಾಯಿತು ಅನ್ನುವವರೇ ಒಂದು ದಿನ ಎಡಗಾಲನ್ನು ಬಲಗಾಲು ಮಾಡುವುದು.

ಡಿಜಿಟಲ್ ಬಂದ ಮೇಲೆ ಹೊಸ ಚಾಳಿಯೊಂದು ಅಂಟಿಕೊಂಡಿದೆ. ಎಕ್ಸ್‌ಪೋಷರ್ ಕಡಿಮೆಯಾದರೆ ಚಿತ್ರ ರವೆ ಚೆಲ್ಲಿದ ಹಾಗೆ ಬರುತ್ತದೆ, ರೇಡಿಯಾಲಜಿಸ್ಟ್ ಬೈಯುತ್ತಾರೆ. ಹೆಚ್ಚಾದರೆ ಸಾಫ್ಟ್‌ವೇರ್ ಸರಿಮಾಡಿಬಿಡುತ್ತದೆ, ಕೇಳುವವರಿಲ್ಲ. ಹೀಗೆ ಎಂಎಎಸ್ (ಎಷ್ಟು ಕಿರಣ ಬಿಡಬೇಕೆಂಬ ಸೆಟ್ಟಿಂಗ್) ಸದ್ದಿಲ್ಲದೆ ಏರುತ್ತಾ ಹೋಗುತ್ತದೆ, ಡೋಸ್ ತಿನ್ನುವುದು ರೋಗಿ. ಪ್ರತಿ ಚಿತ್ರದ ಎಕ್ಸ್‌ಪೋಷರ್ ಇಂಡೆಕ್ಸ್ (ಚಿತ್ರಕ್ಕೆ ಎಷ್ಟು ಕಿರಣ ತಲುಪಿತೆಂದು ತೋರಿಸುವ ಅಂಕಿ) ನೋಡುವ ರೂಢಿ ಮೊದಲ ತಿಂಗಳಲ್ಲೇ ಬೆಳೆಸಿಕೊಳ್ಳಿ.

ನಿಮ್ಮ ಡೋಸ್‌ಗೂ ಲೆಕ್ಕ ಇದೆ. ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ), ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ಸೀಸದ ತಡೆಯ ಹಿಂದೆ ನಿಂತು ಕೆಲಸ ಮಾಡಿದರೆ ಸಾಮಾನ್ಯ ಎಕ್ಸ್‌ರೇ ಕೋಣೆಯಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಎಚ್ಚರ ಬೇಕಾಗುವುದು ಓಟಿಯ ಸಿ-ಆರ್ಮ್ (ಆಪರೇಷನ್ ವೇಳೆ ಬಳಸುವ ಎಕ್ಸ್‌ರೇ ಯಂತ್ರ), ಹೃದಯದ ಕ್ಯಾಥ್‌ಲ್ಯಾಬ್‌ಗಳಲ್ಲಿ, ರೋಗಿಯ ಮೈಯಿಂದ ಚದುರಿ ಬರುವ ಕಿರಣಕ್ಕೆ. ಎರಡರಷ್ಟು ದೂರ ನಿಂತರೆ ಡೋಸ್ ಹೆಚ್ಚುಕಡಿಮೆ ಕಾಲು ಭಾಗಕ್ಕಿಳಿಯುತ್ತದೆ. ನಿಮ್ಮ ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸೀಸದ ಏಪ್ರನ್ ಒಳಗೆ, ಎದೆಯ ಮಟ್ಟದಲ್ಲಿರಲಿ. ಏಪ್ರನ್ ಜೊತೆ ಅದನ್ನೂ ಎಕ್ಸ್‌ರೇ ಕೋಣೆಯಲ್ಲೇ ನೇತುಹಾಕಿ ಹೋದರೆ ಮೂರು ತಿಂಗಳ ರೀಡಿಂಗ್ ಗೋಡೆಯದ್ದಾಗುತ್ತದೆ. ಏಪ್ರನ್ ಮಡಿಚಿಡಬೇಡಿ, ಒಳಗಿನ ಸೀಸದ ಹಾಳೆ ಬಿರುಕು ಬಿಡುತ್ತದೆ. ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲ, ಆದರೆ ಸ್ಕ್ಯಾನ್ ನಡೆಯದಿದ್ದಾಗಲೂ ಕಾಂತ ಆನ್ ಇರುತ್ತದೆ. ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಒಳಗೆ ತಂದರೆ ಗುಂಡಿನಂತೆ ಹಾರುತ್ತದೆ.

ಓದಿನ ಮಟ್ಟಿಗೆ: ಬಿ.ಎಸ್ಸಿ ಇಂಟರ್ನ್‌ಶಿಪ್ ಸೇರಿ 4 ವರ್ಷ, ಪ್ಯಾರಾಮೆಡಿಕಲ್ ಬೋರ್ಡ್‌ನ ಡಿಪ್ಲೊಮಾ ಅದಕ್ಕಿಂತ ಕಡಿಮೆ. ಸಿಟಿ, ಎಂಆರ್‌ಐ ಆಸೆಯಿದ್ದರೆ ಡಿಗ್ರಿಯೇ ಲೇಸು ಅನ್ನುತ್ತೇನೆ. ಅಲ್ಟ್ರಾಸೌಂಡ್ ನಂಬಿಕೊಂಡು ಮಾತ್ರ ಸೇರಬೇಡಿ. ವಿದೇಶದಲ್ಲಿ ಸೋನೋಗ್ರಾಫರ್ ಎಂಬ ಹುದ್ದೆಯಿದೆ, ನಮ್ಮಲ್ಲಿ 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಿಂದಾಗಿ ಗರ್ಭಿಣಿಯರ ಸ್ಕ್ಯಾನ್ ವೈದ್ಯರೇ ಮಾಡಬೇಕು. ಫೀಸ್ ಕಟ್ಟುವ ಮುಂಚೆ ಕಾಲೇಜಿನವರನ್ನು ಕೇಳಿ: ಸಿಟಿ ಯಂತ್ರ ಸ್ವಂತ ಆಸ್ಪತ್ರೆಯಲ್ಲಿದೆಯೇ, ವಿದ್ಯಾರ್ಥಿಗಳನ್ನು ಯಂತ್ರ ನಡೆಸುವ ಕನ್ಸೋಲ್ ಮುಂದೆ ಕೂರಿಸುತ್ತಾರೆಯೇ, ಇಲ್ಲ ಟ್ರಾಲಿ ತಳ್ಳಿಸುತ್ತಾರೆಯೇ?