ಬಾಬಿನ್ ಖಾಲಿ ಇದ್ದರೆ ಹೊಲಿಗೆ ಹೇಗೆ ಬೀಳುತ್ತೆ?

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಪೀಣ್ಯ ಕಡೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್. ವಯಸ್ಸು 24, ಚೊಚ್ಚಲ ಬಸುರಿ, ಆರನೇ ತಿಂಗಳು. ಎರಡು ತಿಂಗಳಲ್ಲಿ ಎರಡು ಸಲ ಉರಿಮೂತ್ರ, ಜೊತೆಗೆ ಬಿಡದ ಕೆಮ್ಮು. "ಮುಂಚೆ ನಂಗೆ ಜ್ವರಾನೇ ಬರ್ತಿರ್ಲಿಲ್ಲ ಮೇಡಂ" ಎಂದಳು. ತಾಯಿ ಕಾರ್ಡ್ ನೋಡಿದೆ. ಹಿಮೋಗ್ಲೋಬಿನ್ 8.2. ಕಡಿಮೆ ಅಂದರೂ 11ರ ಹತ್ತಿರ ಇರಬೇಕಿತ್ತು.

ಕಬ್ಬಿಣದ ಮಾತ್ರೆ ಕೇಳಿದೆ. ಬ್ಯಾಗಿನಿಂದ ಕೆಂಪು ಮಾತ್ರೆಯ ಮೂರು ಪಟ್ಟಿ ತೆಗೆದಳು. ಒಂದರಲ್ಲಿ ಮಾತ್ರ ನಾಲ್ಕು ಗುಳಿ ಒಡೆದಿತ್ತು. ಮಲ ಕಪ್ಪಗಾಯಿತು ಅಂತ ಹೆದರಿ ಬಿಟ್ಟಿದ್ದಳು. ಮಗು ಕಪ್ಪಾಗುತ್ತೆ ಅಂತ ಅತ್ತೆಯೂ ಹೇಳಿದ್ದರಂತೆ.

ರಕ್ತ ಕಡಿಮೆ ಅಂದ್ರೆ ಸುಸ್ತು, ಅಷ್ಟೇ ಅಂದುಕೊಂಡಿದ್ದಳು. ಸುಮಾರು ಜನ ಹಾಗೇ ಅಂದುಕೊಂಡಿರುತ್ತಾರೆ. ಆದರೆ ಕಬ್ಬಿಣ ಕಡಿಮೆಯಾದರೆ ಸೋಂಕು ತಡೆಯುವ ಶಕ್ತಿಯೂ ಕುಗ್ಗುತ್ತೆ. ರೋಗಾಣು ಒಳಗೆ ಬಂದಾಗ ಬಿಳಿ ರಕ್ತಕಣಗಳು ಬೇಗ ಬೇಗ ಹೆಚ್ಚಬೇಕು, ಅದಕ್ಕೆ ಕಬ್ಬಿಣ ಬೇಕು. ಹಿಡಿದ ರೋಗಾಣುವನ್ನು ಕೊಲ್ಲುವ ಕಿಣ್ವಕ್ಕೂ ಬೇಕು. "ಮಿಷನ್ ಇದೆ, ಬಟ್ಟೆ ಇದೆ, ದಾರ ಇಲ್ಲ ಅಂದ್ರೆ?" ಎಂದೆ. "ಬಾಬಿನ್ ಖಾಲಿ" ಎಂದು ತಾನೇ ಹೇಳಿದಳು. ಸೋಂಕು ಇದ್ದಾಗ ದೇಹ ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದೂ ಇಲ್ಲ. ಅದಕ್ಕೇ ಉರಿಮೂತ್ರದ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಬೇಡ ಅಂದೆ.

ಎಲ್ಲ ತಪ್ಪನ್ನೂ ರಕ್ತಹೀನತೆಯ ತಲೆಗೆ ಕಟ್ಟುವುದು ಸರಿಯಲ್ಲ. ಬಸುರಿಯರಿಗೆ ಉರಿಮೂತ್ರ ಬೇಗ ತಗಲುತ್ತದೆ. ಇವಳಂತೂ ಟಾಯ್ಲೆಟ್‌ಗೆ ಏಳಬೇಕಾಗುತ್ತೆ ಅಂತ ನೀರನ್ನೇ ಕುಡಿಯುತ್ತಿರಲಿಲ್ಲ. ಇದನ್ನು ಕೇಳಿ ನನಗೆ ಹೊಟ್ಟೆ ಚುರ್ ಅಂತು. ಪದೇ ಪದೇ ಏಳಲು ಬಿಡಬೇಕು ಅಂತ ವೈದ್ಯರಿಂದ ಸೂಪರ್‌ವೈಸರ್‌ಗೆ ಚೀಟಿ ಬರೆಸಿದೆ.

ವೈದ್ಯರು 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನು ದಿನಕ್ಕೆರಡು ಮಾಡಿದರು. ನಾನು ಹೇಳಿದ್ದು ಇಷ್ಟು: ಮಾತ್ರೆ ನಿಂಬೆ ನೀರಿನ ಜೊತೆ ತಗೋ. ವಾಕರಿಕೆ ಬಂದರೆ ಊಟವಾದ ಮೇಲೆ ತಗೋ. ಕಾಫಿ, ಟೀ ಒಂದು ಗಂಟೆ ದೂರ ಇರಲಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಮಲ ಕಪ್ಪಾದರೆ ಹೆದರಬೇಡ, ಅದು ಕಬ್ಬಿಣದ ಬಣ್ಣ. ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ನುಗ್ಗೆಸೊಪ್ಪು, ಹುರುಳಿಕಾಳು ತಿನ್ನು, ಆದರೆ 8.2 ಇರುವಾಗ ಊಟವೊಂದೇ ಸಾಲದು. ಜ್ವರ, ಚಳಿ, ಸೊಂಟದ ಪಕ್ಕ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಬಾ.

ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಬಾ ಎಂದಿದ್ದೆ. ನಾಲ್ಕು ವಾರ ಬಿಟ್ಟು ಇಬ್ಬರೂ ಬಂದರು. ಹಿಮೋಗ್ಲೋಬಿನ್ 9.1. ಖಾಲಿ ಪಟ್ಟಿಗಳನ್ನು ಅತ್ತೆಯೇ ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು.